ಮೊಟ್ಟೆ, ಕ್ಷಯ ಮತ್ತು ಬೆಟ್ಟಿ ಮ್ಯಾಕ್‌ಡೊನಾಲ್ಡ್ ಅವರ ನಗು

ಮೂರು ವರ್ಷಗಳ ಹಿಂದೆ ಕಚೇರಿಯ ಕೆಲಸದ ಮೇಲೆ ಆರು ವಾರ ಅಮೆರಿಕದ ಸಿಯಾಟಲ್‌ನಲ್ಲಿದ್ದೆ. ಒಂದು ಭಾನುವಾರ ಅಲ್ಲಿನ ಸಹೋದ್ಯೋಗಿಯೊಬ್ಬರು ಹೈದರಾಬಾದಿನಿಂದ ಹೋಗಿದ್ದ ನಮ್ಮ ಮೂವರನ್ನು ತಮ್ಮ ಕಾರಿನಲ್ಲಿ ಸುತ್ತಾಡಿಸಲು ಕರೆದೊಯ್ದರು. ಕಾರನ್ನೇ ಹಡಗಿಗೆ ಹತ್ತಿಸಿ, ನೀರು ದಾಟಿ, ಪೋರ್ಟ್ ಟೌನ್ಸೆಂಡ್ ಎಂಬ ಹಳೆಯ ಬಂದರು ಪಟ್ಟಣದ ಕಡೆ ಹೊರಟಿದ್ದೆವು. ದಾರಿಯಲ್ಲಿ ಚಿಮಕಂ ಎಂಬ ಹಳ್ಳಿಯ ಬಳಿ ಒಂದು ರಸ್ತೆಯ ಹೆಸರಿನ ಫಲಕ ಕಂಡು ನಮಗೆಲ್ಲ ನಗು ಬಂತು. 'ಎಗ್ ಅಂಡ್ ಐ ರೋಡ್', ಅಂದರೆ 'ಮೊಟ್ಟೆ ಮತ್ತು ನಾನು' ರಸ್ತೆ! ಯಾರಾದರೂ ರಸ್ತೆಗೆ ಹೀಗೆ ಹೆಸರಿಡುತ್ತಾರೆಯೇ ಎಂದು ಕೇಳಿದಾಗ, "ಅದು ಒಂದು ಪುಸ್ತಕದ ಹೆಸರು. ನನ್ನ ಅಜ್ಜಿಯ ಕಾಲದಲ್ಲಿ ಇಡೀ ದೇಶವೇ ಅದನ್ನು ಓದಿ ನಕ್ಕಿತ್ತು" ಎಂದರು. ಮರುದಿನ ಆ ಪುಸ್ತಕದ ಹಳೆಯ ಪ್ರತಿಯೊಂದು ನನ್ನ ಮೇಜಿನ ಮೇಲಿತ್ತು.

ಹೈದರಾಬಾದಿಗೆ ಮರಳುವ ವಿಮಾನದಲ್ಲಿ ಅದನ್ನು ಓದಿ ಮುಗಿಸಿದೆ. ಅಕ್ಕಪಕ್ಕದವರು ತಿರುಗಿ ನೋಡುವಷ್ಟು ನಕ್ಕೆ. ಮನೆಗೆ ಬಂದ ಮೇಲೆ ಆ ಲೇಖಕಿಯ ಬದುಕಿನ ವಿವರಗಳನ್ನು ಹುಡುಕಿ ಓದಿದಾಗ, ನಕ್ಕ ಕೆಲವು ಜಾಗಗಳಿಗೆ ಮತ್ತೆ ಹೋಗಿ ನಿಂತು ಯೋಚಿಸಬೇಕಾಯಿತು. ನಮ್ಮ ಮಹಿಳಾ ವೇದಿಕೆಯ ಈ ಸಂಚಿಕೆಗೆ ಏನಾದರೂ ಬರೆಯಿರಿ ಎಂದಾಗ ನನಗೆ ಮೊದಲು ನೆನಪಾದದ್ದು ಈ ಬೆಟ್ಟಿ ಮ್ಯಾಕ್‌ಡೊನಾಲ್ಡ್.

ಗಣಿ ಎಂಜಿನಿಯರ್ ಮಗಳು

ಬೆಟ್ಟಿ ಹುಟ್ಟಿದ್ದು 1907ರ ಮಾರ್ಚ್ 26ರಂದು, ಕೊಲರಾಡೋ ರಾಜ್ಯದ ಬೌಲ್ಡರ್‌ನಲ್ಲಿ. ತಂದೆ ಡಾರ್ಸಿ ಬಾರ್ಡ್ ಗಣಿ ಎಂಜಿನಿಯರ್. ಕೆಲಸವಿದ್ದ ಕಡೆಗೆಲ್ಲ ಸಂಸಾರವನ್ನು ಕರೆದುಕೊಂಡು ಊರೂರು ಅಲೆದವರು. ಕೊನೆಗೆ ಸಿಯಾಟಲ್‌ನಲ್ಲಿ ನೆಲೆ ನಿಂತರು. ಆದರೆ 1920ರಲ್ಲಿ ನ್ಯುಮೋನಿಯಾ ಬಂದು ತೀರಿಕೊಂಡರು. ಬೆಟ್ಟಿಗೆ ಆಗಿನ್ನೂ ಹನ್ನೆರಡು ವರ್ಷ. ತಾಯಿ ಸಿಡ್ನಿ, ಅಜ್ಜಿ, ಒಬ್ಬ ತಮ್ಮ, ಅಕ್ಕ ಮೇರಿ, ತಂಗಿಯರು. ಹೆಂಗಸರೇ ತುಂಬಿದ್ದ ಆ ಮನೆಯಲ್ಲಿ ದುಡ್ಡಿಗೆ ಬರವಿದ್ದರೂ ಮಾತಿಗೆ, ನಗುವಿಗೆ, ಹೇಳದೆ ಕೇಳದೆ ಬರುವ ನೆಂಟರಿಗೆ ಬರವಿರಲಿಲ್ಲ.

ಈ ಕಥೆಯಲ್ಲಿ ಮೇರಿಯದು ದೊಡ್ಡ ಪಾತ್ರ. ಯಾವ ಕೆಲಸವೂ ಯಾರಿಗೂ ಅಸಾಧ್ಯವಲ್ಲ, ಅದರಲ್ಲೂ ತಂಗಿಗೆ ಸುತರಾಂ ಅಸಾಧ್ಯವಲ್ಲ ಎಂದು ನಂಬಿದ ಅಕ್ಕ ಆಕೆ. ನಮ್ಮ ಮನೆಗಳಲ್ಲೂ ಇಂಥ ಒಬ್ಬರು ಇರುತ್ತಾರಲ್ಲ, ನಮ್ಮನ್ನು ಕೇಳದೆಯೇ ನಮ್ಮ ಹೆಸರನ್ನು ನಾಟಕದ ಪಟ್ಟಿಗೆ ಸೇರಿಸಿಬಿಡುವವರು! ಮೇರಿಯೂ ಹಾಗೆಯೇ.

ಕೋಳಿ ಫಾರ್ಮಿನ ನಾಲ್ಕು ವರ್ಷ

1927ರಲ್ಲಿ, ಇಪ್ಪತ್ತನೆಯ ವಯಸ್ಸಿನಲ್ಲಿ ಬೆಟ್ಟಿ ರಾಬರ್ಟ್ ಹೆಸ್ಕೆಟ್ ಎಂಬವರನ್ನು ಮದುವೆಯಾದರು. ಆತ ವಿಮೆ ಮಾರುತ್ತಿದ್ದವರು. ಮನಸ್ಸೆಲ್ಲ ಇದ್ದದ್ದು ಮಾತ್ರ ಕೋಳಿ ಸಾಕಣೆಯಲ್ಲಿ. ಗಂಡ ತನ್ನ ಕೆಲಸದಲ್ಲಿ ಸಂತೋಷವಾಗಿರುವಂತೆ ನೋಡಿಕೊಳ್ಳುವುದೇ ಹೆಂಡತಿಯ ಧರ್ಮ ಎಂದು ತಾಯಿ ಹೇಳಿಕೊಟ್ಟಿದ್ದರಂತೆ. ಆ ಪಾಠ ನಂಬಿ ಬೆಟ್ಟಿ, ಒಲಿಂಪಿಕ್ ಪರ್ಯಾಯ ದ್ವೀಪದ ಚಿಮಕಂ ಕಣಿವೆಯ ಒಂಟಿ ಮನೆಗೆ ಹೊರಟರು. ನಮ್ಮ ಕಾರು ಹಾದುಹೋದ ಊರು ಅದೇ.

ಆ ಮನೆಯಲ್ಲಿ ವಿದ್ಯುತ್ ಇರಲಿಲ್ಲ, ನಲ್ಲಿ ಇರಲಿಲ್ಲ. ಬೆಳಗಿನ ನಾಲ್ಕಕ್ಕೆ ಏಳಬೇಕು, ನೀರು ಹೊರಬೇಕು, ಒಲೆ ಹಚ್ಚಬೇಕು. ಹಸಿ ಸೌದೆಯಲ್ಲಿ ಒಲೆ ಹಚ್ಚಿ ಕಣ್ಣು ಕೆಂಪಗೆ ಮಾಡಿಕೊಂಡ ನಮ್ಮ ಅಜ್ಜಿಯರಿಗೆ ಈ ಅಧ್ಯಾಯಗಳನ್ನು ಓದಿ ಹೇಳಬೇಕು ಅನ್ನಿಸಿತು. ಬೆಟ್ಟಿಯ ಪುಸ್ತಕದಲ್ಲಿ ಆ ಒಲೆ ಮನೆಯ ಇನ್ನೊಬ್ಬ ಸದಸ್ಯನಂತೆ, ಮೊಂಡು ಸ್ವಭಾವದ ವೈರಿಯಂತೆ ಬರುತ್ತದೆ. ಮುದ್ದಾಗಿ ಕಾಣುವ ಕೋಳಿಮರಿಗಳು ಸಾಯಲಿಕ್ಕೆ ದಿನಕ್ಕೊಂದು ಹೊಸ ದಾರಿ ಕಂಡುಹಿಡಿಯುತ್ತವೆ. ಸುತ್ತಲೂ ಕಾಡು, ಬೆಟ್ಟ, ಬಿಡದ ಮಳೆ. ಮಾತಾಡಲು ಮನುಷ್ಯರು ಸಿಗುವುದೇ ಅಪರೂಪ.

ಸಿಕ್ಕವರಲ್ಲಿ ಮುಖ್ಯರು ನೆರೆಯ ಕೆಟಲ್ ಕುಟುಂಬ. ಹದಿನೈದು ಮಕ್ಕಳ ತಾಯಿ, ಬಾಯಿ ಬಿರುಸಾದರೂ ಮನಸ್ಸು ಮೆತ್ತಗಿರುವ ಮಾ ಕೆಟಲ್; ಕೆಲಸ ಎಂದರೆ ಮಾರು ದೂರ ಓಡಿ, ಬೇಕಾದ್ದನ್ನೆಲ್ಲ ನೆರೆಮನೆಯಿಂದ ಕಡ ತರುವ ಪಾ ಕೆಟಲ್. ಇವರಿಬ್ಬರೇ ಮುಂದೆ ಲೇಖಕಿಗಿಂತ ಹೆಚ್ಚು ಪ್ರಸಿದ್ಧರಾದರು.

ಪುಸ್ತಕದ ಕೊನೆಯಲ್ಲಿ ಗಂಡ ಹೆಂಡತಿ ಸಿಯಾಟಲ್ ಹತ್ತಿರದ, ಇನ್ನಷ್ಟು ಸೌಕರ್ಯವಿರುವ ಬೇರೊಂದು ಫಾರ್ಮಿಗೆ ಹೋಗುವ ಮಾತು ಬರುತ್ತದೆ. ಓದುಗ ನಗುತ್ತಲೇ ಪುಸ್ತಕ ಮುಚ್ಚುತ್ತಾನೆ. ನಿಜಕ್ಕೂ ನಡೆದದ್ದು ಬೇರೆ. 1931ರಲ್ಲಿ ಬೆಟ್ಟಿ ಇಬ್ಬರು ಪುಟ್ಟ ಹೆಣ್ಣುಮಕ್ಕಳಾದ ಆನ್ ಮತ್ತು ಜೋನ್‌ರನ್ನು ಎತ್ತಿಕೊಂಡು ಗಂಡನನ್ನು ಬಿಟ್ಟು ತಾಯಿಯ ಮನೆಗೆ ಬಂದರು. ಗಂಡನ ಕುಡಿತ ಮತ್ತು ಹೊಡೆತದ ಆರೋಪಗಳು ವಿಚ್ಛೇದನದ ದಾಖಲೆಗಳಲ್ಲಿವೆ. 1935ರಲ್ಲಿ ವಿಚ್ಛೇದನ ಪೂರ್ಣವಾಯಿತು. ನಗಿಸಿದ ಆ ಪುಸ್ತಕದಲ್ಲಿ ಈ ಹೊಡೆತದ ಸುಳಿವೇ ಇಲ್ಲ.

ಕೆಲಸ ಹುಡುಕುವ ಕೆಲಸ

ಆಕೆ ತವರಿಗೆ ಬಂದದ್ದು ಅಮೆರಿಕದ ಮಹಾ ಆರ್ಥಿಕ ಕುಸಿತದ ದಿನಗಳಲ್ಲಿ. ಕಾರ್ಖಾನೆಗಳು ಮುಚ್ಚಿದ್ದವು, ಬ್ಯಾಂಕುಗಳು ಮುಳುಗಿದ್ದವು. ಕೈಯಲ್ಲಿ ಪದವಿಯಿಲ್ಲದ, ಇಬ್ಬರು ಮಕ್ಕಳ ತಾಯಿಗೆ ಯಾರು ಕೆಲಸ ಕೊಟ್ಟಾರು? ಮೇರಿ ಕೊಡಿಸಿದರು. ಒಂದಲ್ಲ, ಹತ್ತಾರು. ಬೆರಳಚ್ಚು ಸರಿಯಾಗಿ ಬಾರದಿದ್ದರೂ ಗಣಿ ಎಂಜಿನಿಯರೊಬ್ಬರ ಕಾರ್ಯದರ್ಶಿ. ಆಮೇಲೆ ಕಪ್ಪುಬಿಳುಪು ಫೋಟೋಗಳಿಗೆ ಕೈಯಿಂದ ಬಣ್ಣ ತುಂಬುವ ಕೆಲಸ. ಆಮೇಲೆ ಜಾಹೀರಾತು ಮಾರುವ ಕೆಲಸ. ಒಂದು ಕೆಲಸ ಹೋದರೆ ಇನ್ನೊಂದಕ್ಕೆ ಮೇರಿ ಆಗಲೇ ಮಾತು ಕೊಟ್ಟಿರುತ್ತಿದ್ದರು, ತಂಗಿಗೆ ಅದೆಲ್ಲ ಚೆನ್ನಾಗಿ ಬರುತ್ತದೆ ಎಂದು ಸುಳ್ಳು ಹೇಳಿ! ಕೊನೆಗೆ ರೂಸ್‌ವೆಲ್ಟ್ ಸರ್ಕಾರದ ಪುನಶ್ಚೇತನ ಯೋಜನೆಯ ಕಚೇರಿಯಲ್ಲಿ ಬೆಟ್ಟಿಗೆ ಸ್ವಲ್ಪ ಭದ್ರವಾದ ಕೆಲಸ ಸಿಕ್ಕಿತು.

ಈ ದಿನಗಳ ಕಥೆಯೇ 1950ರಲ್ಲಿ ಬಂದ 'ಎನಿಬಡಿ ಕ್ಯಾನ್ ಡೂ ಎನಿಥಿಂಗ್'. ಬೆಟ್ಟಿಯ ಪುಸ್ತಕಗಳಲ್ಲಿ ನನಗೆ ಬಹಳ ಹತ್ತಿರವಾದದ್ದು ಇದು. ಲೇಆಫ್ ಪಟ್ಟಿಯ ಗಾಳಿಸುದ್ದಿ ಹಬ್ಬಿದ ವಾರ ಕಚೇರಿಯ ಕ್ಯಾಂಟೀನಿನಲ್ಲಿ ಕೂತು ಕಾಫಿ ಕುಡಿದವರಿಗೆ ಇದರ ಪ್ರತಿ ಪುಟವೂ ಅರ್ಥವಾಗುತ್ತದೆ. ಬರದ ಕೆಲಸವನ್ನು ಬರುತ್ತದೆ ಎಂದು ಒಪ್ಪಿಕೊಂಡು, ರಾತ್ರಿ ಕೂತು ಕಲಿತು, ಬೆಳಿಗ್ಗೆ ಗೊತ್ತಿರುವವರಂತೆ ಮಾತಾಡಿದವರು ನಮ್ಮಲ್ಲಿ ಎಷ್ಟು ಜನವಿಲ್ಲ! ಊಟಕ್ಕೆ ಮತ್ತೆ ಮತ್ತೆ ಅದೇ ಅಗ್ಗದ ಅಡುಗೆ, ಬಾಗಿಲಿಗೆ ಬರುವ ಸಾಲಗಾರರು, ಆದರೂ ಸಂಜೆ ಮನೆ ತುಂಬ ಜನ. ಬೆಟ್ಟಿ ಬಡತನವನ್ನು ಮುಚ್ಚಿಡುವುದಿಲ್ಲ, ಅದರ ಬಗ್ಗೆ ಗೋಳಾಡುವುದೂ ಇಲ್ಲ.

ನಗುವುದು ನಿಷಿದ್ಧ

1938ರಲ್ಲಿ ಇನ್ನೊಂದು ಪೆಟ್ಟು ಬಿತ್ತು. ಬೆಟ್ಟಿಗೆ ಕ್ಷಯರೋಗ ಎಂದು ವೈದ್ಯರು ಹೇಳಿದರು. ಕಚೇರಿಯಲ್ಲಿ ಸದಾ ಕೆಮ್ಮುತ್ತಿದ್ದ ಸಹೋದ್ಯೋಗಿಯಿಂದ ಅಂಟಿತು ಎಂದು ಆಕೆ ಬರೆದಿದ್ದಾರೆ. ಕ್ಷಯಕ್ಕೆ ಮೊದಲ ಪರಿಣಾಮಕಾರಿ ಔಷಧವಾದ ಸ್ಟ್ರೆಪ್ಟೊಮೈಸಿನ್ ಪತ್ತೆಯಾಗಿದ್ದು 1943ರಲ್ಲಿ. ಅದಕ್ಕೆ ಐದು ವರ್ಷ ಮೊದಲು ಚಿಕಿತ್ಸೆ ಎಂದರೆ ಸ್ಯಾನಟೋರಿಯಂ ಸೇರಿ ಅಲುಗಾಡದೆ ಮಲಗುವುದು, ತಣ್ಣನೆಯ ಗಾಳಿ, ಒಳ್ಳೆಯ ಊಟ. ಜೊತೆಗೆ ಎದೆಗೂಡಿನೊಳಗೆ ಸೂಜಿಯಿಂದ ಗಾಳಿ ತುಂಬಿ, ರೋಗ ಹಿಡಿದ ಶ್ವಾಸಕೋಶವನ್ನು ಕುಗ್ಗಿಸಿ ಅದಕ್ಕೆ ವಿಶ್ರಾಂತಿ ಕೊಡುವ ಕ್ರಮ. ಇಂಥ ಆಸ್ಪತ್ರೆಗಳು ಆ ಕಾಲದಲ್ಲಿ ನಮ್ಮಲ್ಲೂ ಇದ್ದವು. ಮೈಸೂರಿನ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಕ್ಷಯರೋಗ ಆಸ್ಪತ್ರೆಯನ್ನು ಹಿರಿಯರು ಬಲ್ಲರು.

ಬೆಟ್ಟಿ ಸೇರಿದ್ದು ಸಿಯಾಟಲ್‌ನ ಉತ್ತರಕ್ಕಿದ್ದ ಫರ್ಲ್ಯಾಂಡ್ ಸ್ಯಾನಟೋರಿಯಂ. ಹಣ ಕೊಡಲು ಶಕ್ತಿಯಿಲ್ಲದ್ದರಿಂದ ಉಚಿತವಾಗಿ ಸೇರಿಸಿಕೊಂಡರು. ಅಲ್ಲಿನ ನಿಯಮಗಳು ಕಠಿಣ. ಹೊಸ ರೋಗಿಗಳು ಓದುವಂತಿಲ್ಲ, ಬರೆಯುವಂತಿಲ್ಲ, ಮಾತಾಡುವಂತಿಲ್ಲ, ಕೈ ಚಾಚುವಂತಿಲ್ಲ. ಕೊನೆಗೆ ನಗುವಂತೆಯೂ ಇಲ್ಲ! ಶ್ವಾಸಕೋಶಕ್ಕೆ ಶ್ರಮವಾಗುತ್ತದೆ ಎಂಬುದು ಕಾರಣ. ಮಕ್ಕಳು ಬಂದು ನೋಡಲು ಅವಕಾಶ ತಿಂಗಳಿಗೊಮ್ಮೆ, ಅದೂ ಕೆಲವೇ ನಿಮಿಷ. ಒಂಬತ್ತು ತಿಂಗಳು ಹೀಗೆ ಕಳೆದು, ಗುಣವಾಗಿ, 1939ರಲ್ಲಿ ಮನೆಗೆ ಬಂದರು. ಅಷ್ಟೂ ದಿನ ಮಕ್ಕಳನ್ನು ನೋಡಿಕೊಂಡವರು ತಾಯಿ ಮತ್ತು ಸೋದರಿಯರು.

ಈ ಅನುಭವವೇ 1948ರ 'ದಿ ಪ್ಲೇಗ್ ಅಂಡ್ ಐ'. ಕ್ಷಯದ ಬಗ್ಗೆ ಹಾಸ್ಯ ಪುಸ್ತಕ ಬರೆಯುವುದು ಸುಲಭದ ಮಾತಲ್ಲ. ಆದರೂ ಇದೇ ಆಕೆಯ ಅತ್ಯುತ್ತಮ ಕೃತಿ ಎಂದು ನನ್ನ ಅನಿಸಿಕೆ. ಕಾರಣ ಸರಳ. ಇಲ್ಲಿ ಆಕೆ ಹೆಚ್ಚಾಗಿ ನಗುವುದು ತನ್ನ ಮೇಲೆ, ತನ್ನ ಹೆದರಿಕೆಯ ಮೇಲೆ, ತಾನೂ ಸೇರಿದಂತೆ ಎಲ್ಲರನ್ನೂ ಮಕ್ಕಳಂತೆ ನಡೆಸಿಕೊಳ್ಳುವ ವ್ಯವಸ್ಥೆಯ ಮೇಲೆ. ಪಕ್ಕದ ಹಾಸಿಗೆ ಖಾಲಿಯಾದಾಗ ಏಕೆ ಎಂದು ಯಾರೂ ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ. ಅಂಥ ಜಾಗದಲ್ಲಿ ನಕ್ಕರೆ ಆ ನಗುವಿಗೆ ತೂಕ ಬರುತ್ತದೆ.

ಆಸ್ಪತ್ರೆಯಲ್ಲಿ ಬೆಟ್ಟಿಗೆ ಸಿಕ್ಕ ಒಳ್ಳೆಯ ಗೆಳತಿ ಜಪಾನಿ ಮೂಲದ ಒಬ್ಬ ತರುಣಿ. ಪುಸ್ತಕದಲ್ಲಿ ಆಕೆಯ ಹೆಸರು ಕಿಮಿ. ನಿಜ ಜೀವನದಲ್ಲಿ ಆಕೆ ಮೋನಿಕಾ ಸೋನೆ. 1942ರಲ್ಲಿ, ಯುದ್ಧದ ನಡುವೆ, ಅಮೆರಿಕ ಸರ್ಕಾರ ಪಶ್ಚಿಮ ಕರಾವಳಿಯ ಜಪಾನಿ ಮೂಲದವರನ್ನೆಲ್ಲ ಮನೆಮಠ ಬಿಡಿಸಿ ಶಿಬಿರಗಳಿಗೆ ತಳ್ಳಿತು. ಸೋನೆ ಅವರ ಕುಟುಂಬವೂ ಇಡಾಹೋ ರಾಜ್ಯದ ಮಿನಿಡೋಕಾ ಶಿಬಿರ ಸೇರಬೇಕಾಯಿತು. ಆ ಬದುಕನ್ನು ಸೋನೆ 1953ರಲ್ಲಿ 'ನಿಸೇ ಡಾಟರ್' ಎಂಬ ಆತ್ಮಕಥನವಾಗಿ ಬರೆದರು. ಒಂದೇ ಆಸ್ಪತ್ರೆಯಲ್ಲಿ ಮಾತಾಡದೆ ಮಲಗಿದ್ದ ಇಬ್ಬರು ಹೆಣ್ಣುಮಕ್ಕಳು ಮುಂದೆ ಇಬ್ಬರೂ ಆತ್ಮಕಥನಕಾರರಾದರು.

ಹತ್ತು ಲಕ್ಷ ಪ್ರತಿಗಳು

1942ರಲ್ಲಿ ಬೆಟ್ಟಿ ಡೊನಾಲ್ಡ್ ಮ್ಯಾಕ್‌ಡೊನಾಲ್ಡ್ ಅವರನ್ನು ಮದುವೆಯಾಗಿ, ಸಿಯಾಟಲ್ ಎದುರಿನ ವಾಷನ್ ದ್ವೀಪದಲ್ಲಿ ಮನೆ ಮಾಡಿದರು. ಬರೆಯುವ ಯೋಚನೆ ಆಗಲೂ ಬಂದದ್ದು ಮೇರಿಗೇ. ಹೊಸ ಲೇಖಕರನ್ನು ಹುಡುಕುತ್ತ ಬಂದಿದ್ದ ಪ್ರಕಾಶಕರ ಪ್ರತಿನಿಧಿಗೆ, ನನ್ನ ತಂಗಿ ಪುಸ್ತಕ ಬರೆಯುತ್ತಿದ್ದಾಳೆ ಎಂದು ಹೇಳಿಬಿಟ್ಟರು. ತಂಗಿ ಒಂದು ಸಾಲೂ ಬರೆದಿರಲಿಲ್ಲ. ಬೆಟ್ಟಿ ತರಾತುರಿಯಲ್ಲಿ ಪುಸ್ತಕದ ರೂಪರೇಷೆ ಬರೆದರು. ಅದಕ್ಕಾಗಿ ಕಚೇರಿಗೆ ಹುಷಾರಿಲ್ಲವೆಂದು ಹೇಳಿ ರಜೆ ಹಾಕಿದ್ದು ಬಯಲಾಗಿ ಇದ್ದ ಕೆಲಸವೂ ಹೋಯಿತು!

'ದಿ ಎಗ್ ಅಂಡ್ ಐ' 1945ರ ಅಕ್ಟೋಬರ್‌ನಲ್ಲಿ ಲಿಪಿನ್‌ಕಾಟ್ ಪ್ರಕಾಶನದಿಂದ ಬಂತು. ಎರಡನೆಯ ಮಹಾಯುದ್ಧ ಮುಗಿದು ಆಗಿನ್ನೂ ಒಂದು ತಿಂಗಳಷ್ಟೇ. ಜನ ನಗಲು ಕಾದಿದ್ದರು. ಒಂದು ವರ್ಷದೊಳಗೆ ಹತ್ತು ಲಕ್ಷ ಪ್ರತಿ ಮಾರಾಟವಾಯಿತು. ಪುಸ್ತಕವನ್ನು ಬೆಟ್ಟಿ ಅರ್ಪಿಸಿದ್ದು ಮೇರಿಗೆ. 1947ರಲ್ಲಿ ಕ್ಲಾಡೆಟ್ ಕೋಲ್ಬರ್ಟ್ ಮತ್ತು ಫ್ರೆಡ್ ಮ್ಯಾಕ್‌ಮರಿ ನಟಿಸಿದ ಚಲನಚಿತ್ರ ಬಂತು. ಅದರಲ್ಲಿ ಮಾ ಮತ್ತು ಪಾ ಕೆಟಲ್ ಎಷ್ಟು ಮೆಚ್ಚುಗೆಯಾದರೆಂದರೆ, ಅವರಿಬ್ಬರನ್ನೇ ಇಟ್ಟುಕೊಂಡು 1949ರಿಂದ 1957ರವರೆಗೆ ಚಿತ್ರಗಳ ಸರಣಿಯೇ ಬಂತು. ಪುಸ್ತಕ ಅನೇಕ ಭಾಷೆಗಳಿಗೆ ಹೋಯಿತು. ಜೆಕ್ ಓದುಗರಂತೂ ಬೆಟ್ಟಿಯನ್ನು ತಮ್ಮವರೆಂದೇ ಅಪ್ಪಿಕೊಂಡರು.

ಮುಂದೆ ಮೇರಿಯೂ ಬರೆದರು. ವೈದ್ಯನ ಹೆಂಡತಿಯಾಗಿ ತಮ್ಮ ಬದುಕಿನ ಬಗ್ಗೆ 1949ರಲ್ಲಿ ಅವರು ಬರೆದ ಹಾಸ್ಯ ಪುಸ್ತಕವೂ ಚಲನಚಿತ್ರವಾಯಿತು. ಬೆಟ್ಟಿ ಮಕ್ಕಳಿಗಾಗಿ 1947ರಲ್ಲಿ 'ಮಿಸೆಸ್ ಪಿಗಲ್ ವಿಗಲ್' ಕಥೆಗಳನ್ನು ಆರಂಭಿಸಿದರು. ತಲೆಕೆಳಗಾದ ಮನೆಯಲ್ಲಿ ವಾಸಿಸುತ್ತ, ಹಟಮಾರಿ ಮಕ್ಕಳ ಚಾಳಿಗಳನ್ನು ಬೈಯದೆ ಬಿಡಿಸುವ ಅಜ್ಜಿಯ ಕಥೆಗಳಿವು. 1952ರಲ್ಲಿ ಇಬ್ಬರು ಅನಾಥ ಅಕ್ಕತಂಗಿಯರ ಕುರಿತ 'ನ್ಯಾನ್ಸಿ ಅಂಡ್ ಪ್ಲಮ್' ಎಂಬ ಮಕ್ಕಳ ಕಾದಂಬರಿ ಬಂತು. 1955ರ 'ಆನಿಯನ್ಸ್ ಇನ್ ದ ಸ್ಟ್ಯೂ' ವಾಷನ್ ದ್ವೀಪದ ಸಂಸಾರದ, ಹದಿಹರೆಯಕ್ಕೆ ಬಂದ ಹೆಣ್ಣುಮಕ್ಕಳ ಕಥೆ. ಆದರೆ ಆಕೆಗೆ ಹೆಚ್ಚು ಕಾಲ ಸಿಗಲಿಲ್ಲ. 1958ರ ಫೆಬ್ರವರಿ 7ರಂದು, ಐವತ್ತನೆಯ ವಯಸ್ಸಿನಲ್ಲಿ, ಕ್ಯಾನ್ಸರ್‌ನಿಂದ ಸಿಯಾಟಲ್‌ನಲ್ಲಿ ತೀರಿಕೊಂಡರು.

ಆ ನಗುವಿನ ಬೆಲೆ

ಇಲ್ಲಿಗೆ ನಿಲ್ಲಿಸಿದರೆ ಇದು ಗೆಲುವಿನ ಕಥೆಯಾಗುತ್ತದೆ. ಆದರೆ ಆ ನಗುವಿಗೆ ಬೇರೆಯವರೂ ಬೆಲೆ ತೆತ್ತಿದ್ದಾರೆ.

ಕೆಟಲ್ ಕುಟುಂಬ ನಮ್ಮದೇ ಎಂದು ಚಿಮಕಂ ಕಣಿವೆಯ ಬಿಷಪ್ ಕುಟುಂಬದವರು ನ್ಯಾಯಾಲಯಕ್ಕೆ ಹೋದರು. ಊರಿಗೆಲ್ಲ ನಮ್ಮನ್ನು ನಗೆಪಾಟಲು ಮಾಡಿದ್ದಾರೆ ಎಂಬುದು ಅವರ ದೂರು. 1951ರಲ್ಲಿ ಸಿಯಾಟಲ್‌ನಲ್ಲಿ ವಿಚಾರಣೆ ನಡೆಯಿತು. ಕೇಳಿದ್ದ ಪರಿಹಾರ ಒಟ್ಟು 9,75,000 ಡಾಲರ್. ಪಾತ್ರಗಳು ಕಲ್ಪಿತ ಎಂದು ಬೆಟ್ಟಿ ಸಾಕ್ಷ್ಯ ನುಡಿದರು. ತೀರ್ಪುಗಾರರು ಬೆಟ್ಟಿಯ ಪರವಾಗಿ ತೀರ್ಪು ಕೊಟ್ಟರು. ಕಾನೂನಿನ ಲೆಕ್ಕ ಮುಗಿಯಿತು. ಆದರೂ ಪುಸ್ತಕವನ್ನು ಎರಡನೆಯ ಸಲ ಓದುವಾಗ, ಒಂಟಿ ಮನೆಯಲ್ಲಿದ್ದ ಬೆಟ್ಟಿಗೆ ಬಾಗಿಲು ತೆರೆದು ತಿನ್ನಲು ಕೊಟ್ಟ ನೆರೆಯವರು ನನಗೆ ಬೇರೆಯಾಗಿ ಕಂಡರು.

ಇನ್ನೊಂದು ಇದಕ್ಕಿಂತ ಗಂಭೀರ. ಆ ನೆಲದ ಮೂಲನಿವಾಸಿಗಳ ಬಗ್ಗೆ 'ದಿ ಎಗ್ ಅಂಡ್ ಐ'ನಲ್ಲಿ ಬರುವ ಮಾತುಗಳು ಬರಿಯ ತಿರಸ್ಕಾರ. ಅವರ ನೆಲ ಕಿತ್ತುಕೊಂಡದ್ದೇ ಒಳ್ಳೆಯದಾಯಿತು ಎನ್ನುವಷ್ಟು. ಚಿಮಕಂ ಎಂಬ ಹೆಸರೇ ಅಲ್ಲಿ ಬದುಕಿದ್ದ ಒಂದು ಮೂಲನಿವಾಸಿ ಜನಾಂಗದ್ದು. ಆ ಕಾಲವೇ ಹಾಗಿತ್ತು ಎಂದು ಹೇಳಿ ತಪ್ಪಿಸಿಕೊಳ್ಳಬಹುದು. ಆದರೆ ಅದೇ ಲೇಖಕಿ ಮೂರೇ ವರ್ಷದ ನಂತರ ಕಿಮಿಯ ಬಗ್ಗೆ ಎಷ್ಟು ಗೌರವದಿಂದ, ಸಲುಗೆಯಿಂದ ಬರೆದರು! ಅದೂ ಜಪಾನಿ ಮೂಲದವರ ಮೇಲೆ ಅಮೆರಿಕದಲ್ಲಿ ಸಿಟ್ಟು ಆರದಿದ್ದ ದಿನಗಳಲ್ಲಿ. ಪಕ್ಕದ ಹಾಸಿಗೆಯಲ್ಲಿ ಮಲಗಿ ನೋಡಿದವರು ಮನುಷ್ಯರಾಗಿ ಕಂಡರು, ದೂರದಿಂದ ನೋಡಿದವರು ಕಾಣಲಿಲ್ಲ ಎಂದು ನನಗೆ ಅನ್ನಿಸಿತು.

ಮೂರನೆಯದು ಆಕೆ ಬರೆಯದೆ ಬಿಟ್ಟದ್ದು, ಗಂಡನ ಹೊಡೆತ. 1945ರಲ್ಲಿ ಒಬ್ಬ ಹೆಂಗಸು ಅದನ್ನು ಬರೆದಿದ್ದರೆ ಹತ್ತು ಲಕ್ಷ ಜನ ಕೊಳ್ಳುತ್ತಿದ್ದರೇ? ಒಲೆ ಹೊಗೆಯಾಡಿದ್ದನ್ನು, ಕೋಳಿ ಸತ್ತದ್ದನ್ನು ಕೇಳಿ ನಗಲು ಜನ ಸಿದ್ಧರಿದ್ದರು. ಬೆಟ್ಟಿ ಅದನ್ನೇ ಕೊಟ್ಟರು. ಅದರಿಂದ ಮನೆ ನಡೆಸಿದರು, ಮಕ್ಕಳನ್ನು ಬೆಳೆಸಿದರು. ನಾನು ಅವರನ್ನು ತಪ್ಪು ಎನ್ನಲಾರೆ.

ನಮ್ಮ ಮನೆಯ ಒಂದು ನಗೆ ಪ್ರಸಂಗ

ಅಮೆರಿಕದಲ್ಲಿ ಬೆಟ್ಟಿ ಕಚೇರಿಯಿಂದ ಕಚೇರಿಗೆ ಅಲೆದು ಮುಗಿಸುವ ಹೊತ್ತಿಗೆ ನಮ್ಮಲ್ಲಿ, 1942ರಲ್ಲಿ, ಡಾ. ಎಂ. ಶಿವರಾಂ ಅವರು, ಅಂದರೆ ನಮ್ಮ 'ರಾಶಿ', 'ಕೊರವಂಜಿ' ಹಾಸ್ಯ ಮಾಸಪತ್ರಿಕೆ ಆರಂಭಿಸಿದರು. ಟಿ. ಸುನಂದಮ್ಮ ಮಧ್ಯಮವರ್ಗದ ಮನೆಯೊಳಗಿನ ಹಾಸ್ಯವನ್ನು ಹೆಣ್ಣಿನ ದನಿಯಲ್ಲಿ ಬರೆದು ಹೆಸರಾದದ್ದು ಆ ಪತ್ರಿಕೆಯಿಂದಲೇ. ಅದಕ್ಕೂ ಮೊದಲು ನಮ್ಮ ಹೆಂಗಸರು ನಗಿಸಿರಲಿಲ್ಲವೆಂದಲ್ಲ. ಅಡುಗೆಮನೆಯಲ್ಲಿ, ಹಪ್ಪಳ ಒತ್ತುವಾಗ, ಮದುವೆಮನೆಯ ಉಗ್ರಾಣದಲ್ಲಿ ನಗಿಸಿದ್ದರು. ಅಚ್ಚಿಗೆ ಬಂದಿರಲಿಲ್ಲ ಅಷ್ಟೆ.

ತಿಪಟೂರಿನ ನನ್ನ ಅಜ್ಜಿಯೂ ಹಾಗೆ ನಗಿಸುತ್ತಿದ್ದವರು. ಅವರು ಹೇಳುತ್ತಿದ್ದ ಒಂದು ಪ್ರಸಂಗ ನಮ್ಮ ಮನೆಯಲ್ಲಿ ಬಹಳ ಪ್ರಸಿದ್ಧ. ಹೊಸದಾಗಿ ಮದುವೆಯಾಗಿ ಬಂದಾಗ ಸಾರಿಗೆ ಉಪ್ಪು ಹಾಕಲು ಮರೆತರಂತೆ. ಅಜ್ಜ ತಟ್ಟೆ ಎಸೆದರಂತೆ. ತಟ್ಟೆ ಉರುಳಿಕೊಂಡು ಅಂಗಳ ದಾಟಿ ಕೊಟ್ಟಿಗೆಗೆ ಹೋಯಿತಂತೆ. "ನಮ್ಮ ಗೌರಿ ಒಂದು ಅಗುಳೂ ಬಿಡದೆ ನೆಕ್ಕಿತು ಕಣೇ. ಆ ಮನೇಲಿ ನನ್ನ ಅಡುಗೆ ಮೊದಲು ಮೆಚ್ಚಿದ್ದು ಆ ಹಸುವೇ" ಎಂದು ಅಜ್ಜಿ ಮುಗಿಸಿದಾಗ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಇಪ್ಪತ್ತು ಸಲವಾದರೂ ಕೇಳಿದ್ದೇನೆ.

ಬೆಟ್ಟಿಯ ವಿಚ್ಛೇದನದ ಸಂಗತಿ ಓದಿದ ರಾತ್ರಿ ಈ ಪ್ರಸಂಗ ನೆನಪಾಯಿತು. ಅಮ್ಮನಿಗೆ ಫೋನ್ ಮಾಡಿ, "ಅಮ್ಮಾ, ಆವತ್ತು ಅಜ್ಜಿ ಊಟ ಮಾಡಿದ್ರಾ?" ಎಂದು ಕೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಅದನ್ನ ನಾವು ಯಾರೂ ಕೇಳ್ಲೇ ಇಲ್ಲ" ಎಂದರು. ಅಜ್ಜಿ ಹೋಗಿ ಎಂಟು ವರ್ಷವಾಯಿತು.

ನಮ್ಮ ಸಂಘದ ಕಾರ್ಯಕ್ರಮಗಳಲ್ಲಿ ಪ್ರತಿವರ್ಷ ಹಾಸ್ಯ ಪ್ರಹಸನ ಇದ್ದೇ ಇರುತ್ತದೆ. ಅತ್ತೆ ಸೊಸೆ ಜಗಳ, ಅಡುಗೆ ಕೆಡಿಸಿದ ಹೆಂಡತಿ, ಕೆಲಸದವಳ ಕನ್ನಡ. ನಾನೂ ಆಡಿದ್ದೇನೆ, ಚಪ್ಪಾಳೆ ಗಿಟ್ಟಿಸಿದ್ದೇನೆ. ನಗುವುದನ್ನು ಬಿಡಬೇಕೆಂದು ಖಂಡಿತ ಹೇಳುತ್ತಿಲ್ಲ. ನಗುವಂತಿಲ್ಲ ಎಂಬ ನಿಯಮವಿದ್ದ ಆಸ್ಪತ್ರೆಯಲ್ಲಿ ಮಲಗಿ ಬಂದು, ಅದನ್ನೇ ನಗುವಾಗಿಸಿದ ಹೆಂಗಸಿನ ಬಗ್ಗೆ ಇಷ್ಟು ಹೊತ್ತು ಬರೆದು ಹಾಗೆ ಹೇಳಲಾದೀತೇ? ಆದರೆ ಈ ವರ್ಷ ಪ್ರಹಸನ ಬರೆಯುವಾಗ ಕೆಲಸದವಳ ಪಾತ್ರವನ್ನು ಮತ್ತೊಮ್ಮೆ ಓದಿ ನೋಡುತ್ತೇನೆ.

ಇನ್ನೊಂದು ಕೋರಿಕೆ. ನಿಮ್ಮ ಮನೆಯಲ್ಲಿ ಕಷ್ಟದ ದಿನಗಳನ್ನು ನಗಿಸುತ್ತ ಹೇಳುವ ಅಜ್ಜಿ, ಅತ್ತೆ, ದೊಡ್ಡಮ್ಮ ಇದ್ದರೆ, ನಕ್ಕು ಮುಗಿದ ಮೇಲೆ ಅವರ ಪಕ್ಕದಲ್ಲಿ ಇನ್ನೂ ಸ್ವಲ್ಪ ಹೊತ್ತು ಕೂತು, ಆಮೇಲೇನಾಯಿತು ಎಂದು ಕೇಳಿ. ನಾನು ಕೇಳುವ ಹೊತ್ತಿಗೆ ತಡವಾಗಿತ್ತು.